ಕ್ಷೀರವ್ರತದೊಳಗಿನ ನವರಾತ್ರಿ

ಕಲ್ಯಾಣದ ಖಾಡಿಯ ದಂಡೆಯಲ್ಲಿರುವ ದುರ್ಗಾಡಿ ಕೋಟೆಯು, 1657ರಲ್ಲಿ ಛತ್ರಪತಿ ಶಿವಾಜಿ ಮಹಾರಾಜರು ಆ ಊರನ್ನು ಗೆದ್ದ ಕಾಲವನ್ನು ನೆನಪಿಸುತ್ತದೆ. ಅಲ್ಲಿಯ ದೇವಿಯ ನವರಾತ್ರಿ ಜಾತ್ರೆಗೆ ಇಂದಿಗೂ ಭಕ್ತರು ಅಪಾರವಾಗಿ ಸೇರುತ್ತಾರೆ. 1853ರಲ್ಲಿ ಠಾಣೆಗೆ, 1854ರಲ್ಲಿ ಕಲ್ಯಾಣಕ್ಕೆ ರೈಲು ಬಂದಿತು. ಧಾರವಾಡ, ವಿಜಾಪುರ ಜಿಲ್ಲೆಗಳು 1956ರವರೆಗೂ ಮುಂಬಯಿಯ ಆಡಳಿತಕ್ಕೇ ಸೇರಿದ್ದವು. ಉದ್ಯೋಗಾರ್ಥವಾಗಿ ಈ ಕಡೆಗೆ ಬಂದ ಮಾಧ್ವ ಕುಟುಂಬಗಳು ತಮ್ಮ ಆಚಾರವನ್ನೂ ಜತೆಗೆ ತಂದವು.

ನವರಾತ್ರಿಯಲ್ಲಿ ನೆರೆಯ ಮರಾಠಿ ಮನೆಗಳ ಅನೇಕರು ಸಾಬೂದಾಣಿ ಖಿಚಡಿ, ಹಣ್ಣು, ಹಾಲುಗಳಿಂದ ಉಪವಾಸ ನಡೆಸುತ್ತಾರೆ. ಮಾಧ್ವರಿಗಾದರೋ ಅದೇ ಹಾಲು ವರ್ಜ್ಯ. ಭಾದ್ರಪದ ಶುದ್ಧ ಏಕಾದಶಿಯಿಂದ ಆಶ್ವೀಜ ಶುದ್ಧ ದಶಮಿಯವರೆಗೆ ಚಾತುರ್ಮಾಸ್ಯದ ಕ್ಷೀರವ್ರತ. ನವರಾತ್ರಿಯು ಪೂರ್ತಿಯಾಗಿ ಅದರೊಳಗೇ ಬರುತ್ತದೆ. ಮೊಸರು, ತುಪ್ಪಗಳಿಗೆ ನಿಷೇಧವಿಲ್ಲ. ಹಯಗ್ರೀವ, ತೆಂಗಿನಹಾಲಿನ ಪಾಯಸಗಳು ನೈವೇದ್ಯಕ್ಕೆ ಸಲ್ಲುತ್ತವೆ. ಮೂಲಾ ನಕ್ಷತ್ರದಲ್ಲಿ ಸರಸ್ವತಿಯ ಆವಾಹನೆ, ಶ್ರವಣದಲ್ಲಿ ವಿಸರ್ಜನೆ.

ಡೊಂಬಿವಲಿ, ನವಿ ಮುಂಬಯಿಗಳ ಸೊಸೈಟಿಗಳಲ್ಲಿ ಒಂದೇ ಅಂತಸ್ತಿನಲ್ಲಿ ಎರಡೂ ಸಂಪ್ರದಾಯಗಳು ನಡೆಯುತ್ತವೆ. ನೆರೆಯವರು ಪ್ರೀತಿಯಿಂದ ಕೊಟ್ಟ ಪೇಢೆಯನ್ನು ನಿರಾಕರಿಸಲೂ ಆಗದೆ, ಸೇವಿಸಲೂ ಆಗದೆ ಗೃಹಿಣಿಯರು ಸಂಕೋಚಪಡುವುದುಂಟು. ಸಂಕೋಚಕ್ಕೆ ಅಂಜಿ ವ್ರತವನ್ನು ಬಿಡಬೇಕಾಗಿಲ್ಲ, ವ್ರತದ ನೆಪದಲ್ಲಿ ಸ್ನೇಹವನ್ನೂ ಬಿಡಬೇಕಾಗಿಲ್ಲ. ಕಾರಣವನ್ನು ವಿನಯದಿಂದ ತಿಳಿಸಿದರೆ ಸಾಕು. ಆದರೆ ಕಾರಣವು ಮನೆಯ ಮಕ್ಕಳಿಗೇ ತಿಳಿಯದಿದ್ದರೆ ವ್ರತವು ಒಂದು ತಲೆಮಾರಿಗೇ ನಿಲ್ಲುತ್ತದೆ.

ದುರ್ಗೆಯು ಮಹಾಲಕ್ಷ್ಮಿಯ ರೂಪವೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಆದ್ದರಿಂದ ದುರ್ಗಾಡಿಯ ದೇವಿಯೂ ಮನೆಯ ದೀಪದಲ್ಲಿ ಪೂಜೆಗೊಳ್ಳುವ ತಾಯಿಯೂ ಬೇರೆಯಲ್ಲ. ವಿಜಯದಶಮಿಯೇ ಮಧ್ವಜಯಂತಿ, ಅಂದಿಗೆ ಕ್ಷೀರವ್ರತವೂ ಮುಗಿಯುತ್ತದೆ. ಅನಂತರ ಬರುವುದು ಏಕಾದಶಿಯ ನಿರಾಹಾರ.

॥ ಶ್ರೀಕೃಷ್ಣಾರ್ಪಣಮಸ್ತು ॥