ವಿಭಕ್ತಿಯಿಂದ ಪ್ರಿಪೊಜಿಷನ್ನಿಗೆ: ಗಡಿಭಾಗದ ಇಂಗ್ಲಿಷ್ ಪಾಠದ ನೂರು ವರ್ಷ

ಶತಮಾನೋತ್ಸವದ ಸಂಚಿಕೆಯಲ್ಲಿ ಸ್ಥಾಪಕರು, ದಾನಿಗಳು, ಕೀರ್ತಿ ತಂದ ವಿದ್ಯಾರ್ಥಿಗಳು ಇವರೆಲ್ಲರ ಸ್ಮರಣೆ ಆಗಬೇಕಾದದ್ದೇ. ಅದರೊಡನೆ ತರಗತಿಯೊಳಗಿನ ಒಂದು ಸಣ್ಣ ಇತಿಹಾಸವನ್ನೂ ದಾಖಲಿಸುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ. ಸೊಲ್ಲಾಪುರ, ಅಕ್ಕಲಕೋಟ ಭಾಗದ ಕನ್ನಡ ಮಕ್ಕಳ ಇಂಗ್ಲಿಷ್ ವಹಿಗಳಲ್ಲಿ ಕೆಂಪು ಶಾಯಿ ಮತ್ತೆ ಮತ್ತೆ ಬಿದ್ದಿರುವುದು ದೊಡ್ಡ ಪದಗಳ ಕೆಳಗಲ್ಲ. ಇನ್, ಆನ್, ಅಟ್, ಸಿನ್ಸ್, ಫಾರ್ ಎಂಬ ಪುಟ್ಟ ಪದಗಳ ಕೆಳಗೆ. ಆ ವಹಿಯನ್ನು ಕೈಯಲ್ಲಿ ಹಿಡಿದು ಪಾಲಕರು ಕೇಳುವ ಪ್ರಶ್ನೆಯೂ ಹೊಸದಲ್ಲ: “ಕನ್ನಡದಲ್ಲಿ ಕಲಿತದ್ದರಿಂದಲೇ ಅಲ್ಲವೇ ಈ ತಪ್ಪು?” ಮಗುವನ್ನು ಯಾವ ಮಾಧ್ಯಮದ ಶಾಲೆಗೆ ಸೇರಿಸಬೇಕೆಂಬ ನಿರ್ಧಾರ ಈ ಪ್ರಶ್ನೆಯ ಹಿಂದೆ ಇರುವುದರಿಂದ ಇದಕ್ಕೆ ವಿಚಾರಪೂರ್ವಕವಾದ ಉತ್ತರ ಬೇಕು.

ಮೊದಲು ನಮ್ಮ ನುಡಿಯ ಕಡೆಗೆ ನೋಡೋಣ. ಕನ್ನಡದಲ್ಲಿ ನಾಮಪದಕ್ಕೂ ಕ್ರಿಯೆಗೂ ಇರುವ ಸಂಬಂಧವನ್ನು ತೋರಿಸುವುದು ಪದದ ಕೊನೆಗೆ ಹತ್ತುವ ವಿಭಕ್ತಿ ಪ್ರತ್ಯಯ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇವುಗಳನ್ನು ಕ್ರಮವಾಗಿ ನಿರೂಪಿಸಿದ್ದಾನೆ. ಹಳಗನ್ನಡದಲ್ಲಿ ತೃತೀಯೆಗೆ ‘ಇಂ’, ಪಂಚಮಿಗೆ ‘ಅತ್ತಣಿಂ’ ಎಂದು ಬೇರೆ ಬೇರೆ ರೂಪಗಳಿದ್ದವು. ಹೊಸಗನ್ನಡದಲ್ಲಿ ಈ ಎರಡೂ ಕೆಲಸಗಳನ್ನು ‘ಇಂದ’ ಒಂದೇ ಮಾಡುತ್ತದೆ. ಹಾಗಾಗಿ ‘ಪೆನ್ನಿನಿಂದ ಬರೆದೆ’, ‘ಅಕ್ಕಲಕೋಟದಿಂದ ಬಂದೆ’, ‘ಐದು ವರ್ಷದಿಂದ ಇದ್ದೇನೆ’ ಈ ಮೂರಕ್ಕೂ ನಮಗೆ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿಗೆ ವಿತ್, ಫ್ರಮ್, ಫಾರ್ ಎಂಬ ಮೂರು ಪದಗಳು ಬೇಕು.

ಇಂಗ್ಲಿಷು ಸದಾ ಹೀಗೆಯೇ ಇರಲಿಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ಪ್ರಿಪೊಜಿಷನ್ನುಗಳ ಜೊತೆಗೆ ನಾಮಪದದ ಕೊನೆಗೆ ವಿಭಕ್ತಿ ಪ್ರತ್ಯಯಗಳೂ ಇದ್ದವು. ಅವು ಕ್ರಮೇಣ ಸವೆದು ಹೋದವು. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮರು ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕನ್ನಡ ವಚನಗಳನ್ನು ರಚಿಸುತ್ತಿದ್ದ ಕಾಲದಲ್ಲಿಯೇ ಇಂಗ್ಲಿಷು ತನ್ನ ವಿಭಕ್ತಿಗಳನ್ನು ಕಳೆದುಕೊಳ್ಳುತ್ತಿತ್ತು. ಪ್ರತ್ಯಯ ಹೋದ ಮೇಲೆ ಅದರ ಹೊರೆಯೆಲ್ಲ ಪದದ ಮುಂದೆ ನಿಲ್ಲುವ ಈ ಸಣ್ಣ ಪದಗಳ ಹೆಗಲಿಗೆ ಬಿತ್ತು. ಅಷ್ಟು ಭಾರ ಹೊತ್ತ ಪದಗಳು ಕಲಿಯುವವರಿಗೆ ಸುಲಭವಾಗಿ ವಶವಾಗದಿರುವುದು ಸಹಜ.

ಈ ತೊಡಕು ಎರಡೂ ದಡಗಳಿಗೆ ಸೇರಿದ್ದು. ವಿಲಿಯಂ ಕೇರಿ 1817ರಲ್ಲಿ, ಕಿಟ್ಟೆಲ್ 1903ರಲ್ಲಿ ಇಂಗ್ಲಿಷ್ ಬಲ್ಲವರಿಗಾಗಿ ಕನ್ನಡ ವ್ಯಾಕರಣಗಳನ್ನು ಪ್ರಕಟಿಸಿದರು. ಕನ್ನಡ ಕಲಿಯಲು ಹೊರಟ ಪರದೇಶದ ಪಂಡಿತರು ನಮ್ಮ ಪ್ರತ್ಯಯಗಳ ಮುಂದೆ ಎದುರಿಸಿದ ತೊಡಕನ್ನೇ ನಮ್ಮ ಮಕ್ಕಳು ಪ್ರಿಪೊಜಿಷನ್ನುಗಳ ಮುಂದೆ ಎದುರಿಸುತ್ತಾರೆ.

ನೂರು ವರ್ಷಗಳ ಹಿಂದೆ ಸೊಲ್ಲಾಪುರವು ಮುಂಬಯಿ ಪ್ರಾಂತದ ಜಿಲ್ಲಾ ಸ್ಥಳ. ಅಕ್ಕಲಕೋಟವು ಭೋಸಲೆ ಮನೆತನದ ಸಂಸ್ಥಾನ. ಮರಾಠಿ ನಾಡಿನಲ್ಲಿ ಆಗ ಹಲವರು ಇಂಗ್ಲಿಷ್ ಕಲಿತದ್ದು ತರ್ಖಡಕರರ ಭಾಷಾಂತರ ಪಾಠಮಾಲೆಯಿಂದ. ತಾಯ್ನುಡಿಯ ವಾಕ್ಯವನ್ನು ಇಂಗ್ಲಿಷಿಗೂ ಇಂಗ್ಲಿಷಿನದನ್ನು ತಾಯ್ನುಡಿಗೂ ತಿರುಗಿಸುವ ಪದ್ಧತಿ ಅದು. ಮುಂದೆ 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಬಂದಿತು. ಪಿ. ಸಿ. ರೆನ್ ಅವರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿಯೇ ಸೇವೆ ಸಲ್ಲಿಸಿದ್ದವರು. ದೇಶಗಳಿಗೂ ದೊಡ್ಡ ಪಟ್ಟಣಗಳಿಗೂ ‘ಇನ್’, ಸಣ್ಣ ಊರುಗಳಿಗೆ ಹೆಚ್ಚಾಗಿ ‘ಅಟ್’ ಎಂಬ ನಿಯಮ ಆ ಪುಸ್ತಕದಲ್ಲಿದೆ. ಅದರಂತೆ ಮುಂಬಯಿಗೆ ‘ಇನ್’, ಅಕ್ಕಲಕೋಟಕ್ಕೆ ‘ಅಟ್’! ಇಂದಿನ ಇಂಗ್ಲಿಷಿನಲ್ಲಿ ವಾಸಿಸುವ ಊರು ಚಿಕ್ಕದಿರಲಿ ದೊಡ್ಡದಿರಲಿ ‘ಇನ್’ ಎನ್ನುವುದೇ ರೂಢಿ. ಪ್ರಯಾಣದಲ್ಲಿ ಇಳಿಯುವ, ನಿಲ್ಲುವ ಬಿಂದುವಿಗೆ ‘ಅಟ್’. ರೈಲಿನಿಂದ ‘ಅಟ್ ಅಕ್ಕಲಕೋಟ ರೋಡ್’ ಇಳಿದು, ಅಲ್ಲಿಂದ ‘ಟು ಅಕ್ಕಲಕೋಟ’ ಹೋಗಿ, ‘ಇನ್ ಅಕ್ಕಲಕೋಟ’ ಉಳಿಯಬೇಕು. ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಬೇಕಿಲ್ಲ.

1948ರಲ್ಲಿ ಅಕ್ಕಲಕೋಟ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. 1956ರಲ್ಲಿ ನೆರೆಯ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಾವು ಇಲ್ಲಿಯೇ ಉಳಿದೆವು. 1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿ ಸಂಸ್ಥೆಯು ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ಅಚ್ಚು ಹಾಕುತ್ತದೆ. ಇಂಗ್ಲಿಷಿನ ಸ್ಥಾನವೂ ಬದಲಾಗುತ್ತ ಬಂದಿತು. ಸ್ವಾತಂತ್ರ್ಯದ ನಂತರದ ವರ್ಷಗಳಲ್ಲಿ ಅದು ಎಂಟನೆಯ ಇಯತ್ತೆಯಿಂದ ಆರಂಭವಾಗುತ್ತಿತ್ತು. ಮಹಾರಾಷ್ಟ್ರ ರಚನೆಯಾದ ಮೇಲೆ ಐದನೆಯದರಿಂದ. 2000ದಿಂದ ಒಂದನೆಯ ಇಯತ್ತೆಯಿಂದಲೇ.

ಈ ಬದಲಾವಣೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎಂಟನೆಯ ಇಯತ್ತೆಯಲ್ಲಿ ಇಂಗ್ಲಿಷ್ ಆರಂಭಿಸಿದ ಹಿರಿಯ ವಿದ್ಯಾರ್ಥಿಗಳು ಅಷ್ಟರೊಳಗೆ ಕನ್ನಡದ ಏಳು ವಿಭಕ್ತಿಗಳನ್ನು ಬಾಯಿಪಾಠ ಮಾಡಿರುತ್ತಿದ್ದರು. ‘ಇದು ಸಪ್ತಮಿ, ಆದರೆ ಇಂಗ್ಲಿಷಿನಲ್ಲಿ ಇದಕ್ಕೆ ಮೂರು ದಾರಿ’ ಎಂದು ಗುರುಗಳು ಹೇಳಿದರೆ ಅವರಿಗೆ ತಿಳಿಯುತ್ತಿತ್ತು. ಇಂದಿನ ಮಗುವಿನ ಕಿವಿಗೆ ಇಂಗ್ಲಿಷು ಬೇಗ ಬೀಳುತ್ತದೆ, ಉಚ್ಚಾರ ತಿದ್ದುತ್ತದೆ. ಇದು ನಿಜವಾದ ಲಾಭ. ಆದರೆ ವಿಭಕ್ತಿಯ ಅರಿವು ಬರುವ ಮುನ್ನವೇ ಪ್ರಿಪೊಜಿಷನ್ ಎದುರಾಗುತ್ತದೆ. ಆಮೇಲೆ ವಿಭಕ್ತಿ ಕಲಿತಾಗ ಎರಡನ್ನೂ ಜೋಡಿಸಿ ತೋರಿಸದಿದ್ದರೆ ತಪ್ಪು ಹಾಗೆಯೇ ಉಳಿಯುತ್ತದೆ.

ಆ ತಪ್ಪುಗಳನ್ನೇ ನೋಡಿದರೆ ಅವುಗಳಲ್ಲಿ ಒಂದು ಕ್ರಮ ಕಾಣುತ್ತದೆ. ‘ಬಸ್ಸಿನಾಗ’, ‘ಸಾಲ್ಯಾಗ’ ಎನ್ನುವ ಮಗು ಎಲ್ಲೆಡೆ ‘ಇನ್’ ಬರೆಯುತ್ತದೆ. ‘ಅವನ ಮ್ಯಾಲ ಸಿಟ್ಟು’ ಎನ್ನುವ ಮಗು ಕೋಪಕ್ಕೆ ‘ಆನ್’ ಹಚ್ಚುತ್ತದೆ. ಇಂಗ್ಲಿಷಿಗೆ ‘ವಿತ್’ ಬೇಕು. ‘ಅವನ ಜೋಡಿ ಲಗ್ನ’ ಎಂಬುದರಿಂದ ಮದುವೆಗೆ ‘ವಿತ್’ ಬರುತ್ತದೆ. ಅಲ್ಲಿ ಬೇಕಾದದ್ದು ‘ಟು’. ‘ಐದು ವರ್ಷದಿಂದ’ ಎಂಬುದು ‘ಸಿನ್ಸ್ ಫೈವ್ ಇಯರ್ಸ್’ ಆಗುತ್ತದೆ. ಕಾಲದ ಅಳತೆಗೆ ‘ಫಾರ್’, ಆರಂಭದ ಬಿಂದುವಿಗೆ ಮಾತ್ರ ‘ಸಿನ್ಸ್’. ‘ಅದರ ಬಗ್ಗೆ ಚರ್ಚೆ’ ಎಂಬುದು ‘ಡಿಸ್ಕಸ್ ಅಬೌಟ್’ ಆಗುತ್ತದೆ. ‘ಡಿಸ್ಕಸ್’ ಕ್ರಿಯಾಪದಕ್ಕೆ ಪ್ರಿಪೊಜಿಷನ್ ಬೇಡವೇ ಬೇಡ. ಇವುಗಳಲ್ಲಿ ಅನೇಕವು ಮರಾಠಿ ಮಕ್ಕಳ ವಹಿಯಲ್ಲಿಯೂ ಕಾಣುತ್ತವೆ, ಏಕೆಂದರೆ ಮರಾಠಿಯಲ್ಲಿಯೂ ಸಂಬಂಧಸೂಚಕವು ಪದದ ಹಿಂದೆಯೇ ಬರುತ್ತದೆ. ಮಗು ಅಂದಾಜಿನ ಮೇಲೆ ಬರೆದಿರುವುದಿಲ್ಲ. ತನ್ನ ನುಡಿಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿರುತ್ತದೆ.

ಆದ್ದರಿಂದ ತಿದ್ದುವ ದಾರಿಯೂ ಆ ನಿಯಮದಿಂದಲೇ ಹೊರಡಬೇಕು. ಕಾಲವನ್ನು ಮೂರು ಮೆಟ್ಟಿಲುಗಳಾಗಿ ತೋರಿಸಬಹುದು: ತಿಂಗಳು, ವರ್ಷಗಳಿಗೆ ‘ಇನ್’, ದಿನಕ್ಕೆ ‘ಆನ್’, ಗಳಿಗೆಗೆ ‘ಅಟ್’. ಸಿದ್ಧೇಶ್ವರ ಜಾತ್ರೆ ‘ಇನ್ ಜನವರಿ’; ಸಂಕ್ರಾಂತಿಯ ದಿನಕ್ಕೆ ‘ಆನ್’; ಹತ್ತು ಗಂಟೆಗೆ ‘ಅಟ್’. ಉಳಿದವುಗಳನ್ನು ಬಿಡಿಯಾಗಿ ಕಲಿಸದೆ ‘ಅಫ್ರೇಡ್ ಆಫ್’, ‘ಗುಡ್ ಅಟ್’, ‘ಆಂಗ್ರಿ ವಿತ್’ ಎಂದು ಜೋಡಿಯಾಗಿಯೇ ಕಲಿಸಬೇಕು. ಪ್ರತಿಯೊಂದರ ಪಕ್ಕದಲ್ಲಿ ಕನ್ನಡ ವಾಕ್ಯವನ್ನು ಬರೆಸಿ ಪ್ರತ್ಯಯದ ಕೆಳಗೆ ಗೆರೆ ಎಳೆಸಿದರೆ, ಎರಡು ಭಾಷೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದು ಮಗುವಿಗೇ ಕಾಣುತ್ತದೆ. ಮನೆಯಲ್ಲಿ ಇಂಗ್ಲಿಷ್ ಬಾರದ ತಾಯಿಯೂ ಈ ಅಭ್ಯಾಸದಲ್ಲಿ ಪಾಲ್ಗೊಳ್ಳಬಹುದು. ಕನ್ನಡ ವಾಕ್ಯ ಸರಿಯಾಗಿದೆಯೇ ಎಂದು ಅವಳು ಹೇಳಬಲ್ಲಳು.

ಪಾಲಕರ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ತಪ್ಪು ಕನ್ನಡದಿಂದ ಹುಟ್ಟುತ್ತದೆ ಎಂಬುದು ನಿಜ, ಅದನ್ನು ತಿದ್ದುವ ಸಾಧನವೂ ಕನ್ನಡದಲ್ಲಿಯೇ ಇದೆ. ಕನ್ನಡವನ್ನು ಬಿಡಿಸಿದ ಮಾತ್ರಕ್ಕೆ ಮಗುವಿನ ತಪ್ಪು ನಿಲ್ಲುವುದಿಲ್ಲ, ಅದರ ಕಾರಣವನ್ನು ವಿವರಿಸುವ ಭಾಷೆ ಮಾತ್ರ ಇಲ್ಲವಾಗುತ್ತದೆ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಶಾಲೆಯ ಇಂಗ್ಲಿಷ್ ತರಗತಿಯಲ್ಲಿ ವಿಭಕ್ತಿಯ ಕೋಷ್ಟಕವೂ ಗೋಡೆಯ ಮೇಲೆ ಇರಲಿ ಎಂಬುದು ನಮ್ಮ ಆಶಯ.