ಕೇಪಿನ ಕೋವಿ ಮತ್ತು ಗಿಡ್ಡ ನಳಿಗೆ

ಕೇಪಿನ ಕೋವಿ ಎಂದರೆ ನಳಿಗೆಯ ಬಾಯಿಯಿಂದಲೇ ಮದ್ದು, ಗುಂಡು ತುಂಬಿ ಹಾರಿಸುವ ಒಂಟಿನಳಿಗೆಯ ಬಂದೂಕು. ಲೈಸೆನ್ಸ್ ಪುಸ್ತಕದಲ್ಲಿ ಇದರ ಹೆಸರು ಎಸ್‌ಬಿಎಂಎಲ್. ಮಲೆನಾಡು, ಕೊಡಗು, ತುಳುನಾಡುಗಳ ಮನೆತನಗಳಲ್ಲಿ ಇದು ಇಂದಿಗೂ ಇದೆ. ಅಲ್ಲಿಂದ ಬಂದು ಬೆಂಗಳೂರಿನ ವಿಜಯನಗರ, ರಾಜಾಜಿನಗರ, ಕೆಂಗೇರಿಗಳಲ್ಲಿ ನೆಲೆಸಿದವರಿಗೂ ಇದು ಊರಿನ ಮನೆಯ ಗೋಡೆಯ ಮೇಲೆ ಕಂಡು ಬೆಳೆದ ವಸ್ತು. ಯುರೋಪಿನ ವರ್ತಕ ಕಂಪನಿಗಳು ದೂರದ ನಾಡುಗಳಲ್ಲಿ ಮಾರಿದ ಅಗ್ಗದ ಬಂದೂಕುಗಳು ಇದರ ದಾಯಾದಿಗಳು. ನಳಿಗೆ ಎಷ್ಟು ಉದ್ದ ಇರಬೇಕು ಎಂಬ ಪ್ರಶ್ನೆ ಈ ಇಡೀ ಕುಲದ ಇತಿಹಾಸವನ್ನು ರೂಪಿಸಿದೆ.

ಮೊದಲು ಮದ್ದು ಸುರಿಯಬೇಕು. ಅದರ ಮೇಲೆ ನಾರನ್ನೋ ಬಟ್ಟೆ ಚೂರನ್ನೋ ತುರುಕಿ ಸಲಾಕೆಯಿಂದ ಜಡಿಯಬೇಕು. ಆಮೇಲೆ ಗುಂಡು ಅಥವಾ ಚರೆ, ಮತ್ತೊಮ್ಮೆ ಜಡಿತ. ಕೊನೆಗೆ ತೂತಿನ ಮೊಲೆಯ ಮೇಲೆ ತಾಮ್ರದ ಪುಟ್ಟ ಕೇಪು ಕೂರಿಸಿ ಕೇಪಿಗೆ ಬಡಿಯುವ ‘ಕುದುರೆ’ಯನ್ನು ಎಳೆದರೆ ಈಡು ಸಿದ್ಧ. ಕೇಪು ಬರುವ ಮೊದಲು ಚಕಮಕಿ ಕಲ್ಲಿನ ಕಿಡಿಯೇ ಮದ್ದನ್ನು ಹೊತ್ತಿಸುತ್ತಿತ್ತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಪೆಟ್ಟಿನಿಂದ ಸಿಡಿಯುವ ರಾಸಾಯನಿಕಕ್ಕೆ ಪೇಟೆಂಟ್ ಪಡೆದ ಮೇಲೆ ಕೇಪಿನ ದಾರಿ ತೆರೆಯಿತು. ಕಪ್ಪು ಮದ್ದು ಪೂರ್ತಿ ಉರಿದು ಗುಂಡಿಗೆ ವೇಗ ಕೊಡಲು ಉದ್ದ ನಳಿಗೆ ಅನುಕೂಲ. ಆದರೆ ಕುದುರೆಯ ಮೇಲೆ, ದೋಣಿಯಲ್ಲಿ, ಪೊದೆಗಳ ನಡುವೆ ಅದೇ ಉದ್ದ ತೊಡಕು.

ಈ ತೊಡಕನ್ನು ಉತ್ತರ ಅಮೆರಿಕದ ಮೂಲನಿವಾಸಿಗಳು ಅರದಿಂದ ಬಗೆಹರಿಸಿದರು. 1670ರಲ್ಲಿ ಹುಟ್ಟಿದ ಹಡ್ಸನ್ಸ್ ಬೇ ಕಂಪನಿಯೂ ಅದರ ಪ್ರತಿಸ್ಪರ್ಧಿಗಳೂ ತುಪ್ಪಳಕ್ಕೆ ಬದಲಾಗಿ ಕೊಡುತ್ತಿದ್ದ ಹಗುರ ಬಂದೂಕಿನ ಪಕ್ಕದಲ್ಲಿ ಹಾವಿನಂಥ ಹಿತ್ತಾಳೆಯ ತಗಡು ಇರುತ್ತಿತ್ತು. ಅದು ಇಲ್ಲದಿದ್ದರೆ ಕೊಳ್ಳುವವರು ಒಪ್ಪುತ್ತಿರಲಿಲ್ಲ. ಕೋವಿಯ ಎತ್ತರಕ್ಕೆ ತುಪ್ಪಳ ಪೇರಿಸಿಕೊಳ್ಳಲೆಂದೇ ಕಂಪನಿ ನಳಿಗೆಯನ್ನು ಉದ್ದ ಮಾಡಿತು ಎಂಬ ಮಾತು ಬರೀ ಕಟ್ಟುಕಥೆ. ಕಾಡೆಮ್ಮೆಯ ಹಿಂಡಿನ ಜೊತೆ ಓಡುವ ಕುದುರೆಯ ಮೇಲಿದ್ದ ಬೇಟೆಗಾರ ಗುಂಡುಗಳನ್ನು ಬಾಯಲ್ಲಿಟ್ಟುಕೊಂಡು, ಒಂದೊಂದನ್ನೇ ನಳಿಗೆಗೆ ಉಗುಳಿ, ಬುಡವನ್ನು ಜೀನಿಗೆ ಕುಟ್ಟಿ ಹಾರಿಸುತ್ತಿದ್ದ. ಅವನಿಗೆ ಬೇಕಾದದ್ದು ಗಿಡ್ಡ ಕೋವಿ. ಕೆಸರೋ ಹಿಮವೋ ಕಟ್ಟಿ ಬಾಯಿ ಸಿಡಿದ ನಳಿಗೆಯನ್ನೂ ಹೀಗೆಯೇ ಕತ್ತರಿಸಿ ಮತ್ತೆ ಬಳಸುತ್ತಿದ್ದರು. ತುಂಡಾದ ಭಾಗವೂ ವ್ಯರ್ಥವಾಗುತ್ತಿರಲಿಲ್ಲ: ಅದನ್ನು ಚಪ್ಪಟೆಯಾಗಿ ಬಡಿದು ಚರ್ಮ ಹೆರೆಯುವ ಉಪಕರಣ ಮಾಡುತ್ತಿದ್ದರು. ಕಂಬಳಿಯ ಮರೆಯಲ್ಲಿ ಅಡಗುವಷ್ಟು ಚಿಕ್ಕ ಕೋವಿಗಳೂ ಇದ್ದವು. ಇವನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುವುದಕ್ಕೆ ಕಾರಣ ಕೆತ್ತನೆಯ ಚೆಲುವಲ್ಲ, ಬಳಸಿದವನ ಕೈ ಅವುಗಳ ಮೇಲೆ ಬಿಟ್ಟ ಗುರುತು.

ನಮ್ಮ ನಾಡಿನಲ್ಲಿ ಗಿಡ್ಡ ನಳಿಗೆಯ ಕಥೆ ಬೇರೆ ದಾರಿ ಹಿಡಿಯಿತು. ಬ್ರಿಟಿಷ್ ಸೇನೆಯ ಹಳೆಯ ಬಂದೂಕಿನ ನಳಿಗೆ 46 ಅಂಗುಲ, ಆಮೇಲಿನದು 42. ಈಸ್ಟ್ ಇಂಡಿಯಾ ಕಂಪನಿ ಖರ್ಚನ್ನೂ ಭಾರವನ್ನೂ ಇಳಿಸಿ ತನ್ನ ಸಿಪಾಯಿಗಳಿಗಾಗಿ 39 ಅಂಗುಲದ ಮಾದರಿ ಮಾಡಿಸಿತು. ಫ್ರಾನ್ಸಿನೊಡನೆ ಯುದ್ಧ ಶುರುವಾಗಿ ಬಂದೂಕಿನ ಕೊರತೆ ಬಿದ್ದಾಗ, 1790ರ ದಶಕದಲ್ಲಿ, ಬ್ರಿಟಿಷ್ ಸೇನೆ ವರ್ತಕರ ಈ ಮಾದರಿಯನ್ನೇ ತನ್ನದಾಗಿಸಿಕೊಂಡಿತು. ಅದೇ ಕಂಪನಿಯ ಪಡೆಗಳು ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ನೇತೃತ್ವದಲ್ಲಿ 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆಯನ್ನೂ ಡಿಸೆಂಬರ್ 21ರಂದು ಸಾವನದುರ್ಗವನ್ನೂ ಹಿಡಿದವು. ಇಂದು ರಾಜಾಜಿನಗರ, ವಿಜಯನಗರಗಳ ಮಗ್ಗುಲಲ್ಲಿ ಹಾದುಹೋಗುವ ಮಾಗಡಿ ರಸ್ತೆ ಆ ದುರ್ಗದ ಕಡೆಗೇ ಸಾಗುತ್ತದೆ.

ಎದುರು ಪಾಳೆಯದ ಕುಶಲತೆಯೂ ಕಡಿಮೆಯಿರಲಿಲ್ಲ. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ಚಕಮಕಿ ಬಂದೂಕುಗಳ ಜೊತೆಗೆ ಮೋಟು ನಳಿಗೆ, ಅಗಲ ಬಾಯಿಯ ಕೋವಿಗಳೂ ತಯಾರಾದವು. ಹುಲಿಮುಖ, ಹುಲಿಪಟ್ಟೆಗಳಿಂದ ಅಲಂಕರಿಸಿ, ಸುಲ್ತಾನನೇ ಜಾರಿಗೆ ತಂದ ಪಂಚಾಂಗದ ವರ್ಷವನ್ನು ಕೆತ್ತಿದ ಇವು 1799ರ ಶ್ರೀರಂಗಪಟ್ಟಣದ ಲೂಟಿಯಲ್ಲಿ ಇಂಗ್ಲೆಂಡಿಗೆ ಹೋದವು. ಮೈಸೂರಿನ ಕಮ್ಮಾರರ ಕೆಲಸವನ್ನು ನೋಡಲು ಕನ್ನಡಿಗರು ಅಲ್ಲಿನ ವಿಂಡ್ಸರ್‌ಗೆ ಹೋಗಬೇಕಾಗಿರುವುದು ದುಃಖದ ಸಂಗತಿ.

1857ರ ದಂಗೆಯೊಂದಿಗೆ ನಿಶ್ಶಸ್ತ್ರೀಕರಣದ ಕಾಯಿದೆ ಬಂತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಆ ನವೆಂಬರ್‌ನಲ್ಲಿ ಬ್ರಿಟಿಷರು ಊರಿಗೆ ಬೆಂಕಿಯಿಟ್ಟರು, ಆಮೇಲೆ ಮುಂದಾಳುಗಳನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಆ ಕಥೆಯನ್ನು ಮರೆಯಗೊಡಲಿಲ್ಲ. ಕೊಡಗಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಕಾಯಿದೆಯಿಂದ ವಿನಾಯಿತಿ ನೀಡಿದ. ಆಳುವವರು ಅದೇ ಬ್ರಿಟಿಷರು, ನಾಲ್ಕು ವರ್ಷಗಳ ಅಂತರ. ಕೋವಿ ಯಾರ ಕೈಯಲ್ಲಿರಬೇಕೆಂಬುದನ್ನು ಆಳುವವರ ಮೇಲಿನ ನಿಷ್ಠೆಯೇ ತೀರ್ಮಾನಿಸಿತು ಎಂಬುದು ಇಲ್ಲಿ ಸ್ಪಷ್ಟ.

ಕೊಡವರಲ್ಲಿ ಕೋವಿ ಆಯುಧಕ್ಕಿಂತ ಹೆಚ್ಚು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸುಗ್ಗಿಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು ಹಾರುತ್ತದೆ. ಸೆಪ್ಟೆಂಬರ್ ಮೊದಲ ವಾರದ ಆಯುಧಗಳ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಕೋವಿಯನ್ನು ಒರೆಸಿ, ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಹಿರಿಯರ ಪೂಜೆಯ ವಸ್ತುವಿಗೆ ಅರ ಹಾಕಲು ಯಾರ ಮನಸ್ಸು ಒಪ್ಪೀತು? ಮಲೆನಾಡು, ತುಳುನಾಡುಗಳಲ್ಲಿ ಅದು ಗದ್ದೆ ತೋಟ ಕಾಯುವ ಸಂಗಾತಿಯಾಯಿತು, ಬೇಟೆಗೂ ಒದಗಿತು. ಕುವೆಂಪು ಅವರ 1936ರ ‘ಕಾನೂರು ಹೆಗ್ಗಡಿತಿ’ಯಲ್ಲೂ ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಕೃತಿಯಲ್ಲೂ ಆ ಬದುಕು ದಾಖಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. ಅದು ಬರಬೇಕಾದ ಕಾಯಿದೆಯೇ. ಬೆಳೆ ರಕ್ಷಣೆಯ ಲೈಸೆನ್ಸ್ ಉಳಿಯಿತು. ಚುನಾವಣೆ ಬಂದಾಗ ಠಾಣೆಗೆ ಕೋವಿ ಒಪ್ಪಿಸುವ ರೈತರು, ಕಾಡುಹಂದಿ ನುಗ್ಗಿದರೆ ಯಾರು ಗತಿ ಎಂದು ಕೇಳುವುದು ನ್ಯಾಯವಾಗಿಯೇ ಇದೆ.

ಅಮೆರಿಕದಲ್ಲಿ ಗಿಡ್ಡ ವರ್ತಕ ಕೋವಿಯ ಪ್ರತಿಕೃತಿಗಳನ್ನು ಹವ್ಯಾಸಿಗಳು ಮನೆಯಲ್ಲೇ ಜೋಡಿಸಿಕೊಳ್ಳುತ್ತಾರೆ; ಕಪ್ಪು ಮದ್ದಿನ ಹಳೆ ಮಾದರಿಗಳಿಗೆ ಅಲ್ಲಿನ ಕಾನೂನು ಸಡಿಲ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ 6ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆಯನ್ನು ಗಿಡ್ಡ ಮಾಡುವುದು ಅಪರಾಧ. ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಅಲ್ಲಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ಅವಧಿ 2029ಕ್ಕೆ ಮುಗಿಯುತ್ತದೆ.