ಹಲ್ಲು ಕಿತ್ತ ಮೇಲಿನ ಪಥ್ಯ

ನೊಂದ ಹಲ್ಲನ್ನು ದವಡೆಯಿಂದ ಬೇರ್ಪಡಿಸುವ ಕಾರ್ಯವು ಗಳಿಗೆ ಎರಡು ಗಳಿಗೆಯಲ್ಲಿ ಮುಗಿದುಹೋಗುವುದಾದರೂ, ಆ ಹಲ್ಲು ಬಿಟ್ಟುಹೋದ ಕುಳಿಯ ಮೇಲೆ ವಸಡು ಕೂಡಿಕೊಳ್ಳುವುದಕ್ಕೆ ಎರಡು ಮೂರು ವಾರಗಳೂ, ಒಳಗಣ ಎಲುಬು ತುಂಬಿ ಬಲಿಯುವುದಕ್ಕೆ ತಿಂಗಳುಗಳೂ ಹಿಡಿಯುವುದರಿಂದ, ದಂತವೈದ್ಯದ ಇತಿಹಾಸವೆಂಬುದರಲ್ಲಿ ಶಸ್ತ್ರಕ್ಕಿಂತ ಶುಶ್ರೂಷೆಗೆ ಹೆಚ್ಚಿನ ಪಾಲು ಸಲ್ಲಬೇಕಾಗಿತ್ತು. ಆದರೆ ಗ್ರಂಥಕಾರರು ಇಕ್ಕುಳವನ್ನೂ ಶಂಕುವನ್ನೂ ವರ್ಣಿಸಿದರೇ ಹೊರತು, ಬಾಯಿ ಬಾತ ರೋಗಿಗಾಗಿ ಮನೆಯ ಹೆಂಗಸರು ಇರುಳಿನಲ್ಲಿ ಗಂಜಿ ಕಾಸಿದುದನ್ನು ಬರೆದಿಡಲಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳನ್ನು ಒಳಗೊಂಡು ಕೃಷ್ಣಾ ತುಂಗಭದ್ರೆಯರ ನಡುವೆ ಹಬ್ಬಿರುವ ಈ ಎರೆಭೂಮಿಯಲ್ಲಿ, ವೈದ್ಯನು ಬಹುಕಾಲ ದೂರದವನಾಗಿಯೇ ಉಳಿದುದರಿಂದ, ಆ ಶುಶ್ರೂಷೆಯ ಸಮಸ್ತ ಭಾರವೂ ಅಡುಗೆಮನೆಯ ಮೇಲೆಯೇ ಬಿದ್ದಿತ್ತು.

ಮಸ್ಕಿಯ ಬಂಡೆಯ ಮೇಲಣ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ ಎಂಬಾತನು ಕಂಡುಹಿಡಿದು, ದೇವಾನಾಂಪ್ರಿಯನೆಂದು ಮಾತ್ರ ಕರೆಯಿಸಿಕೊಳ್ಳುತ್ತಿದ್ದ ದೊರೆಯು ಅಶೋಕನೇ ಎಂಬುದು ಅದರಿಂದ ಸಿದ್ಧವಾದುದನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಅದೇ ದೊರೆಯು ತನ್ನ ಎರಡನೆಯ ಬೃಹತ್ ಶಿಲಾಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದನ್ನೂ, ಔಷಧಿಯ ಗಿಡಮೂಲಿಕೆಗಳು ಇಲ್ಲದೆಡೆಗೆ ಅವನ್ನು ತರಿಸಿ ನೆಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಮಸ್ಕಿಯ ಶಾಸನದಲ್ಲಿ ರೋಗದ ಮಾತಿಲ್ಲ. ಆದರೂ ಆರೋಗ್ಯವನ್ನು ರಾಜಧರ್ಮದೊಳಗೆ ಸೇರಿಸಿಕೊಂಡ ಆ ಪ್ರಭುವಿನ ಹೆಸರು ಈ ನೆಲದ ಕಲ್ಲಿನಲ್ಲಿಯೇ ಮೊದಲು ಓದಲ್ಪಟ್ಟಿತೆಂಬುದು ನನಗೆ ಹೆಮ್ಮೆಯ ಸಂಗತಿ.

ಬಾಯಿಯ ಶಸ್ತ್ರಚಿಕಿತ್ಸೆಯ ತರುವಾಯ ನಡೆಸತಕ್ಕ ಉಪಚಾರದ ವಿಷಯದಲ್ಲಿ ನಮಗೆ ದೊರೆಯುವ ಪ್ರಾಚೀನವಾದ ವಿಸ್ತೃತ ಸಾಕ್ಷ್ಯವು ಸುಶ್ರುತಸಂಹಿತೆಯದು. ಅದರ ಚಿಕಿತ್ಸಾಸ್ಥಾನದ 22ನೆಯ ಅಧ್ಯಾಯವು ಮುಖರೋಗಗಳಿಗೇ ಮೀಸಲಾಗಿದ್ದು, ಕೀವುಗಟ್ಟಿ ನಾಳವಾದ ಹಲ್ಲನ್ನು ಕಿತ್ತ ಬಳಿಕ ಕಗ್ಗಲಿ, ಜಾಜಿ ಮೊದಲಾದವುಗಳ ಕಷಾಯದಿಂದ ವ್ರಣವನ್ನು ತೊಳೆಯಬೇಕೆಂದೂ, ಲೋಧ್ರ, ಮಂಜಿಷ್ಠೆ, ಜ್ಯೇಷ್ಠಮಧುಗಳಲ್ಲಿ ಕಾಸಿದ ಎಣ್ಣೆಯಿಂದ ಅದನ್ನು ಮಾಯಿಸಬೇಕೆಂದೂ ವಿಧಿಸುತ್ತದೆ. ಮೇಲ್ದವಡೆಯ ಹಲ್ಲು ಅಲುಗಾಡುತ್ತಿದ್ದರೂ ಅದನ್ನು ಕೀಳಬಾರದೆಂಬ ಕಟ್ಟುನಿಟ್ಟಿನ ಎಚ್ಚರಿಕೆಯೂ ಅಲ್ಲಿಯೇ ಉಂಟು. ಅದೇತಕ್ಕೆಂದರೆ, ಅತಿಯಾದ ರಕ್ತಸ್ರಾವದಿಂದ ಘೋರವಾದ ರೋಗಗಳು ಉಂಟಾಗುವುವೆಂಬ ಭೀತಿ. ಇಂದಿನ ವೈದ್ಯನು ಈ ನಿಷೇಧವನ್ನು ಪಾಲಿಸಬೇಕಾಗಿಲ್ಲವಾದರೂ, ಕಿತ್ತ ಹಲ್ಲಿಗಿಂತ ಹರಿಯುವ ರಕ್ತವೇ ದೊಡ್ಡ ಚಿಂತೆಯೆಂಬುದನ್ನು ಆ ಶಸ್ತ್ರವೈದ್ಯರು ಅನುಭವದಿಂದ ಅರಿತಿದ್ದರೆಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಕಿಲ್ಲ. ದಂತರೋಗಿಯು ಹುಳಿಯ ಹಣ್ಣು, ತಣ್ಣೀರು, ಒಣ ಅನ್ನ, ಅತಿ ಗಟ್ಟಿಯಾದ ತಿನಿಸು ಇವನ್ನು ವರ್ಜಿಸಬೇಕೆಂದೂ, ಹಲ್ಲುಜ್ಜುವ ಕಡ್ಡಿಯನ್ನು ಕೆಲಕಾಲ ದೂರವಿಡಬೇಕೆಂದೂ ಆ ಅಧ್ಯಾಯದಲ್ಲಿ ಹೇಳಿದೆ. ಬಾಯಿ ತುಂಬ ದ್ರವವನ್ನು ಅಲುಗಿಸದೆ ಹಿಡಿದಿರುವ ಗಂಡೂಷಕ್ಕೂ, ಅತ್ತಿತ್ತ ಆಡಿಸಿ ಮುಕ್ಕಳಿಸುವ ಕವಲಕ್ಕೂ ಭೇದವನ್ನೆಣಿಸಿ, ವ್ರಣವನ್ನು ಮಾಯಿಸುವುದಕ್ಕೆಂದೇ ರೋಪಣವೆಂಬ ಒಂದು ಬಗೆಯನ್ನು ಪ್ರತ್ಯೇಕಿಸಿದ ಆ ಸೂಕ್ಷ್ಮತೆಯನ್ನು ಓದಿದಾಗಲೆಲ್ಲ ನನಗೆ ವಿಸ್ಮಯವೂ ಗೌರವವೂ ಉಂಟಾಗುತ್ತವೆ.

ಗ್ರಂಥದ ವಿದ್ಯೆ ಹೀಗಿದ್ದರೂ ಹಳ್ಳಿಯ ರೋಗಿಗೆ ದೊರೆತುದು ಬೇರೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದುದರಿಂದ ವೈದ್ಯವೃತ್ತಿಯು ಕನ್ನಡನಾಡಿನಲ್ಲಿ ಅಂದು ಗೌರವದ ಕಾಯಕವಾಗಿತ್ತೆಂದು ತಿಳಿಯುವುದು. ಆದರೆ ಹಲ್ಲು ಕೀಳುವ ಕೆಲಸವು ನಾಡಿನ ಬಹುಭಾಗದಲ್ಲಿ ಕ್ಷೌರಿಕರ ಮತ್ತು ಸಂತೆ ಜಾತ್ರೆಗಳಲ್ಲಿ ಸಂಚರಿಸುವವರ ಕೈಯಲ್ಲಿತ್ತು. ಹಲ್ಲಿನೊಳಗೆ ಹುಳ ಹೊಕ್ಕಿದೆಯೆಂಬ ನಂಬಿಕೆಯಿಂದ ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಆ ಹೊಗೆಯನ್ನು ಬಾಯಿಗೆ ಹಿಡಿಸುತ್ತಿದ್ದರು. ಹುಳವೆಂಬುದು ಭ್ರಮೆಯೇ ಸರಿ. ಹಲ್ಲು ಕೀಳಿಸಿಕೊಂಡು ಮನೆಗೆ ಬಂದವನಿಗೆ ಬಿಸಿನೀರಿನಲ್ಲಿ ಉಪ್ಪು, ಚಿಟಿಕೆ ಅರಿಶಿಣ, ದವಡೆಯಲ್ಲಿ ಒಂದು ಲವಂಗ, ಹೊದ್ದು ಮಲಗುವುದಕ್ಕೆ ಒಂದು ಕಂಬಳಿ: ಅಂದಿನ ಆಸ್ಪತ್ರೆಯೆಂದರೆ ಇಷ್ಟೇ. ಈ ಸೀಮೆಯ ನಿತ್ಯದ ಆಹಾರವಾದ ಕಡಕ್ ಜೋಳದ ರೊಟ್ಟಿಯನ್ನೂ, ಬಾಯಿ ಉರಿಸುವ ಹಿಂಡಿಯನ್ನೂ ಬಿಡಿಸಿ, ಆರಿದ ಜೋಳದ ಗಂಜಿಯನ್ನೋ, ಮಜ್ಜಿಗೆ ಬೆರೆಸಿದ ಮೆತ್ತನೆಯ ನುಚ್ಚನ್ನೋ ಕೊಡುತ್ತಿದ್ದ ತಾಯಂದಿರು, ಸುಶ್ರುತನ ಹೆಸರನ್ನು ಕೇಳದೆಯೇ ಅವನ ಪಥ್ಯವನ್ನು ನಡೆಸಿಕೊಂಡು ಬಂದರು.

ನಿಜಾಮರ ಆಳ್ವಿಕೆಯಲ್ಲಿ ಲಿಂಗಸುಗೂರು ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ದಂಡಿನ ನೆಲೆಯಾಗಿ, 1905ರವರೆಗೆ ಒಂದು ಜಿಲ್ಲೆಯ ಕೇಂದ್ರವೂ ಆಗಿದ್ದು, ತರುವಾಯ ರಾಯಚೂರು ಜಿಲ್ಲೆಯಲ್ಲಿ ಲೀನವಾಯಿತು. ದಂಡಿನೊಡನೆ ಸೈನ್ಯದ ವೈದ್ಯರೂ ಬಂದರಾದರೂ ರಯತನ ಹಲ್ಲುನೋವು ಅವರ ಹೊಣೆಯಾಗಿರಲಿಲ್ಲ. 1871ರಲ್ಲಿ ಮದರಾಸು ಮತ್ತು ಮುಂಬಯಿಯ ಕಡೆಗಳಿಂದ ಬಂದ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಮಸ್ಕಿಯವನು ಆ ರಾಯಚೂರನ್ನು ಮುಟ್ಟುವುದಕ್ಕೂ ಬಂಡಿ ಕಟ್ಟಬೇಕಾಗಿತ್ತು. ರಾಜಧಾನಿಯಾದ ಹೈದರಾಬಾದಿನಲ್ಲಾದರೋ ವೈದ್ಯನಾದ ಎಡ್ವರ್ಡ್ ಲಾರಿಯ ಮುಂದಾಳುತನದಲ್ಲಿ 1888 ಮತ್ತು 1889ರಲ್ಲಿ, ಪ್ರಜ್ಞೆ ತಪ್ಪಿಸುವ ಮದ್ದಾದ ಕ್ಲೋರೋಫಾರಂನ ಅಪಾಯವನ್ನು ಪರೀಕ್ಷಿಸುವ ಎರಡು ಆಯೋಗಗಳು ನಡೆದು, ಎರಡನೆಯದಕ್ಕೆ ನಿಜಾಮರೇ ಧನಸಹಾಯ ಮಾಡಿದರು. ಹಲ್ಲು ಕೀಳುವಂಥ ಚಿಕ್ಕ ಕಾರ್ಯಕ್ಕೆಂದು ಕ್ಲೋರೋಫಾರಂ ಸೇವಿಸಿದವರೂ ಅಲ್ಲಲ್ಲಿ ಪ್ರಾಣಬಿಡುತ್ತಿದ್ದ ಕಾಲವದು. ಜಗತ್ತಿನ ವೈದ್ಯರು ಹೈದರಾಬಾದಿನತ್ತ ನೋಡುತ್ತಿದ್ದಾಗ ಅದೇ ಸಂಸ್ಥಾನದ ಲಿಂಗಸುಗೂರಿನ ರೈತನು ಎಚ್ಚರವಿದ್ದಂತೆಯೇ ಹಲ್ಲು ಕೀಳಿಸಿಕೊಳ್ಳುತ್ತಿದ್ದನೆಂಬ ಅಂತರವನ್ನು ನೆನೆದರೆ ಮನಸ್ಸಿಗೆ ವ್ಯಥೆಯಾಗುತ್ತದೆ.

1948ರ ಮಾರ್ಚ್ ತಿಂಗಳಲ್ಲಿ ದಂತವೈದ್ಯರ ಕಾಯಿದೆ ಭಾರತದಲ್ಲಿ ಅಂಗೀಕೃತವಾದಾಗ ಈ ಸೀಮೆಯು ಇನ್ನೂ ಭಾರತದೊಳಗೆ ಸೇರಿರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಸೇರಿತು. 1953ರ ಸುಮಾರಿಗೆ ತುಂಗಭದ್ರೆಯ ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಸಿಂಧನೂರಿನ ಸುತ್ತಣ ಜೋಳದ ಹೊಲಗಳು ಭತ್ತದ ಗದ್ದೆಗಳಾಗಿ, ರೋಗಿಯ ಗಂಜಿಯೂ ಜೋಳದಿಂದ ಅಕ್ಕಿಗೆ ತಿರುಗಿತು. ಈಗ ರಾಯಚೂರಿನಲ್ಲಿಯೇ ದಂತವೈದ್ಯ ಮಹಾವಿದ್ಯಾಲಯಗಳಿವೆ. ಸಿಂಧನೂರು, ಲಿಂಗಸುಗೂರುಗಳ ಪೇಟೆಗಳಲ್ಲಿ ದಂತ ಚಿಕಿತ್ಸಾಲಯಗಳ ಫಲಕಗಳು ಕಾಣುತ್ತವೆ.

ಹೊಸ ವಿದ್ಯೆಯು ಹಳೆಯ ಪದ್ಧತಿಗೆ ಮಾಡಿದ ಮುಖ್ಯವಾದ ತಿದ್ದುಪಡಿಯು ಮೊದಲನೆಯ ದಿನಕ್ಕೆ ಸಂಬಂಧಿಸಿದುದು. ಹಲ್ಲು ಕಿತ್ತ ಕುಳಿಯಲ್ಲಿ ಹೆಪ್ಪುಗಟ್ಟುವ ರಕ್ತವು ಕೊಳೆಯೆಂದು ಭಾವಿಸಿ ಹಿಂದಿನವರು ಒಡನೆಯೇ ಮುಕ್ಕಳಿಸಿ ಉಗಿಯುತ್ತಿದ್ದರು. ಆ ಹೆಪ್ಪೇ ಬಯಲಾದ ಎಲುಬಿಗೆ ಹೊದಿಕೆಯೆಂದೂ, ಅದು ಕಳಚಿಹೋದರೆ ಎರಡನೆಯ ಅಥವಾ ಮೂರನೆಯ ದಿನದಿಂದ ಕಿವಿಯವರೆಗೆ ಸಿಡಿಯುವ ನೋವು ಹುಟ್ಟುವುದೆಂದೂ ಈಗ ತಿಳಿದಿದೆ. ಈ ಒಣಕುಳಿಯ ವ್ಯಾಧಿಯನ್ನು ಕ್ರಾಫರ್ಡ್ ಎಂಬಾತನು ಮೊದಲು ವರ್ಣಿಸಿದುದು 1896ರಲ್ಲಿ. ಆದಕಾರಣ ವೈದ್ಯನು ಇಟ್ಟ ಹತ್ತಿಬಟ್ಟೆಯನ್ನು ಅರ್ಧ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿಕೊಂಡಿರತಕ್ಕದ್ದು. ಮೊದಲ 24 ಗಂಟೆ ಮುಕ್ಕಳಿಸುವುದು, ಉಗಿಯುವುದು, ಕೊಳವೆಯಿಂದ ಹೀರಿ ಕುಡಿಯುವುದು ಇವನ್ನು ಬಿಡತಕ್ಕದ್ದು. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಮೆಲ್ಲಗೆ ಬಾಯಲ್ಲಿ ಆಡಿಸಿ ತಾನಾಗಿಯೇ ಜಾರಗೊಡತಕ್ಕದ್ದು. ತಣ್ಣನೆಯದನ್ನು ಸುಶ್ರುತನು ನಿಷೇಧಿಸಿದ್ದರೂ, ಮೊದಲ ದಿನ ಕೆನ್ನೆಯ ಹೊರಗೆ ಮಂಜುಗಡ್ಡೆಯನ್ನು ಒತ್ತಿ ಹಿಡಿಯುವುದು ಬಾವನ್ನು ತಗ್ಗಿಸುವುದರಿಂದ, ಇಲ್ಲಿ ಹೊಸಬರ ಮಾತೇ ಗ್ರಾಹ್ಯ. ಲವಂಗವನ್ನು ಹಸಿಗಾಯದ ಮೇಲೆ ಇಡುವುದೂ ಸಲ್ಲದು. ಆದರೆ ಒಣಕುಳಿಯಾದಾಗ ವೈದ್ಯನು ತುಂಬುವ ಔಷಧಿಯಲ್ಲಿ ಹಲವು ವೇಳೆ ಲವಂಗದೆಣ್ಣೆಯ ಸಾರವೇ ಇರುವುದರಿಂದ, ಅಜ್ಜಿಯರ ಕೈಮದ್ದು ಪೂರ್ತಿ ಹುಸಿಯಾಗಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಅಪಾಯವಿರುವುದು ತಂಬಾಕಿನಲ್ಲಿ. ಕರ್ನಾಟಕದಲ್ಲಿ ಗುಟ್ಕಾ 2013ರಿಂದ ನಿಷಿದ್ಧವಾಗಿದ್ದರೂ, ಎಲೆ ಅಡಕೆಯೊಡನೆ ತಂಬಾಕನ್ನು ದವಡೆಗೆ ಒತ್ತಿಕೊಳ್ಳುವ, ಬೀಡಿ ಸೇದುವ ಅಭ್ಯಾಸಗಳು ನಮ್ಮ ಹೊಲಗದ್ದೆಗಳಿಂದ ತೊಲಗಿಲ್ಲ. ಹಲ್ಲು ಕೀಳಿಸಿಕೊಂಡವನು ಆಸ್ಪತ್ರೆಯ ಬಾಗಿಲು ದಾಟುತ್ತಲೇ ಚೀಲಕ್ಕೆ ಕೈ ಹಾಕಿದನೆಂದರೆ ವೈದ್ಯನ ಶ್ರಮವೆಲ್ಲ ವ್ಯರ್ಥ. ಹಲ್ಲು ಕೀಳಿಸಿಕೊಂಡು ಬಂದ ಅಣ್ಣನಿಗೋ ಅತ್ತೆಗೋ ಗಂಜಿ ಕಾಸಿಕೊಡುವವರು, ಅದರೊಡನೆ ಆ ಎಲೆಯ ಚೀಲವನ್ನೂ ಬೀಡಿಯ ಕಟ್ಟನ್ನೂ ಕೆಲವು ದಿನ ಎತ್ತಿಡಲಿ. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಮೂರನೆಯ ದಿನ ನೋವು ಇಳಿಯುವ ಬದಲು ಏರಿದರೆ, ಮನೆಮದ್ದನ್ನು ನೆಚ್ಚಿ ಕೂರದೆ ಅದೇ ವೈದ್ಯನ ಬಳಿಗೆ ಮರಳಿ ಕರೆದೊಯ್ಯಲಿ.